ಆವರಣದ ಹೊರಗಿನ ಮೈನಸ್: ಬೀಜಗಣಿತದ ತಪ್ಪುಗಳು ಹುಟ್ಟುವುದೆಲ್ಲಿ?

ಪ್ರಶ್ನೆ: ಮಗಳು ಎಂಟನೇ ತರಗತಿ. ಪರಿವರ್ತನೀಯ, ಸಹವರ್ತನೀಯ, ವಿಭಾಜಕ ಗುಣ ಎಂದರೆ ಏನು ಅಂತ ಕೇಳಿದರೆ ಉದಾಹರಣೆ ಸಮೇತ ಒಪ್ಪಿಸುತ್ತಾಳೆ. ಲೆಕ್ಕಕ್ಕೆ ಕೂತರೆ ಮಾತ್ರ 5 − (ಯ − 3) ಅನ್ನು 5 − ಯ − 3 ಎಂದು ಬಿಡಿಸುತ್ತಾಳೆ, (ಅ + ಬ)² ಅಂದರೆ ಅ² + ಬ² ಅನ್ನುತ್ತಾಳೆ, (ಯ + 6)/6 ಎಂದಿದ್ದರೆ ಆರಕ್ಕೆ ಆರು ಹೊಡೆದುಹಾಕುತ್ತಾಳೆ. ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ ಎಂದು ಅವಳು ಕೇಳಿದಾಗ ನನಗೂ ಹೇಳಲು ಬರಲಿಲ್ಲ. ಈ ಗುಣಗಳನ್ನು ಬಾಯಿಪಾಠ ಮಾಡಿ ಏನು ಉಪಯೋಗ?

ಉತ್ತರ: ಬಾಯಿಪಾಠದಿಂದ ಉಪಯೋಗ ಇಲ್ಲ, ನಿಮ್ಮ ಅನುಮಾನ ಸರಿ. ಆದರೆ ನೀವು ಬರೆದಿರುವ ಮೂರೂ ತಪ್ಪುಗಳು ಅವೇ ಗುಣಗಳಿಗೆ ಸಂಬಂಧಪಟ್ಟವು. ಪಾಠದಲ್ಲಿ 7 + 4 = 4 + 7 ಎಂದು ತೋರಿಸಿ, ಇದಕ್ಕೆ ಪರಿವರ್ತನೀಯ ಗುಣ ಎಂದು ಹೆಸರು ಹೇಳಿ ಮುಂದಕ್ಕೆ ಹೋಗುತ್ತಾರೆ. ಆ ವಿಷಯ ಮಗುವಿಗೆ ಒಂದನೇ ತರಗತಿಯಿಂದಲೇ ಗೊತ್ತು, ಹಾಗಾಗಿ ಹೆಸರೊಂದು ಹೊಸದಾಗಿ ಸಿಕ್ಕಿತು ಅಷ್ಟೇ. ಅಸಲಿ ಕೆಲಸ ಶುರುವಾಗುವುದು ಅಕ್ಷರಗಳು ಬಂದ ಮೇಲೆ. 7 + 4 ಎಂದಿದ್ದರೆ ಕೂಡಿ ನೋಡಿಬಿಡಬಹುದು. ಯ ಎಷ್ಟು ಎಂದೇ ಗೊತ್ತಿಲ್ಲದಿರುವಾಗ, ಯಾವ ಸಂಖ್ಯೆ ಹಾಕಿದರೂ ಕೆಡದಂಥ ಹೆಜ್ಜೆಯನ್ನಷ್ಟೇ ಇಡಬೇಕು. ಅಂಥ ಹೆಜ್ಜೆಗೆ ಪರವಾನಗಿ ಕೊಡುವುದು ಈ ನಾಲ್ಕೈದು ಗುಣಗಳು ಮಾತ್ರ. ಒಂದು ಕ್ರಿಯೆಗೆ ಕೊಟ್ಟ ಪರವಾನಗಿಯನ್ನು ಅದಿಲ್ಲದ ಇನ್ನೊಂದು ಕ್ರಿಯೆಗೆ ಬಳಸಿದಾಗ ತಪ್ಪಾಗುತ್ತದೆ. ನಿಮ್ಮ ಮಗಳ ತಪ್ಪುಗಳೂ ಹಾಗೆಯೇ ಆಗಿರುವುದು.

ಕೆಳಗೆ ಅ, ಬ, ಕ ಎಂದರೆ ಯಾವುದೇ ಸಂಖ್ಯೆಗಳು; ಯ ಎಂದರೆ ಬೆಲೆ ಗೊತ್ತಿಲ್ಲದ ಸಂಖ್ಯೆ, ಅಂದರೆ ಪುಸ್ತಕದ ಎಕ್ಸ್.

ಯಾರಿಗೆ ಯಾವ ಪರವಾನಗಿ

ಸಂಕಲನಕ್ಕೆ ಎರಡು ಅನುಕೂಲಗಳಿವೆ: ಜಾಗ ಬದಲಿಸಬಹುದು (ಅ + ಬ = ಬ + ಅ), ಗುಂಪು ಬದಲಿಸಬಹುದು ((ಅ + ಬ) + ಕ = ಅ + (ಬ + ಕ)). ಮೊದಲನೆಯದು ಪರಿವರ್ತನೀಯ ಗುಣ, ಎರಡನೆಯದು ಸಹವರ್ತನೀಯ ಗುಣ. ಗುಣಾಕಾರಕ್ಕೂ ಇವೆರಡೂ ಇವೆ. 25 × 37 × 4 ಎಂಬುದನ್ನು 25 × 4 × 37 ಮಾಡಿ ಬಾಯಲ್ಲೇ 3700 ಎನ್ನುವವರು ಎರಡನ್ನೂ ಒಟ್ಟಿಗೆ ಬಳಸಿಕೊಂಡಿರುತ್ತಾರೆ.

ವ್ಯವಕಲನಕ್ಕೂ ಭಾಗಾಕಾರಕ್ಕೂ ಈ ಎರಡರಲ್ಲಿ ಒಂದೂ ಇಲ್ಲ. 9 − 4 ಮತ್ತು 4 − 9 ಬೇರೆ ಬೇರೆ ಎಂಬುದು ಮಕ್ಕಳಿಗೆ ಗೊತ್ತಿರುತ್ತದೆ. ಗುಂಪು ಬದಲಿಸಿದರೂ ಉತ್ತರ ಬದಲಾಗುತ್ತದೆ ಎಂಬುದು ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ. (20 − 8) − 5 = 7; 20 − (8 − 5) = 17. (24 ÷ 4) ÷ 2 = 3; 24 ÷ (4 ÷ 2) = 12. ಆವರಣ ಇಲ್ಲದೆ 20 − 8 − 5 ಎಂದು ಬರೆದಾಗ ಎಡದಿಂದ ಬಲಕ್ಕೆ ಮಾಡಲೇಬೇಕು ಎಂಬ ಕಟ್ಟುನಿಟ್ಟು ಇರುವುದು ಇದೇ ಕಾರಣಕ್ಕೆ.

ಸಂಕಲನದಲ್ಲಿ 0, ಗುಣಾಕಾರದಲ್ಲಿ 1 ಅನನ್ಯತಾಂಶಗಳು: 0 ಕೂಡಿದರೂ 1ರಿಂದ ಗುಣಿಸಿದರೂ ಏನೂ ಬದಲಾಗುವುದಿಲ್ಲ. ಪ್ರತಿ ಸಂಖ್ಯೆಗೂ ಒಂದು ಸಂಕಲನ ವಿಲೋಮ ಇದೆ: 7ಕ್ಕೆ −7, ಕೂಡಿದರೆ 0. ಸೊನ್ನೆ ಬಿಟ್ಟು ಉಳಿದೆಲ್ಲಕ್ಕೂ ಗುಣಾಕಾರ ವಿಲೋಮ ಇದೆ: 7ಕ್ಕೆ 1/7, ಗುಣಿಸಿದರೆ 1. ಆವೃತ ಗುಣದ (ಉತ್ತರವೂ ಅದೇ ಬಗೆಯ ಸಂಖ್ಯೆಯಾಗಿರುವುದು) ಬಗ್ಗೆ ಇಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ಸ್ವಾಭಾವಿಕ ಸಂಖ್ಯೆಗಳಲ್ಲೇ ಇದ್ದರೆ 3 − 5ಕ್ಕೆ ಉತ್ತರ ಸಿಗುವುದಿಲ್ಲ, ಪೂರ್ಣಾಂಕಗಳಲ್ಲೇ ಇದ್ದರೆ 3 ÷ 5ಕ್ಕೆ ಸಿಗುವುದಿಲ್ಲ, ಅದಕ್ಕೇ ಭಾಗಲಬ್ಧ ಸಂಖ್ಯೆಗಳವರೆಗೆ ಹೋಗುತ್ತೇವೆ ಎಂದು ತಿಳಿದರೆ ಸಾಕು.

ವಿಲೋಮವೇ ಇಲ್ಲಿ ಬೀಗದ ಕೈ. ಅ − ಬ ಎಂದರೆ ಅ + (−ಬ). ಅ ÷ ಬ ಎಂದರೆ ಅ × (1/ಬ). ವ್ಯವಕಲನ, ಭಾಗಾಕಾರಗಳಿಗೆ ಸ್ವಂತ ನಿಯಮಗಳಿಲ್ಲದಿದ್ದರೂ ಹೀಗೆ ಬರೆದುಕೊಂಡರೆ ಸಂಕಲನ, ಗುಣಾಕಾರಗಳ ಪರವಾನಗಿಗಳೆಲ್ಲ ನಮ್ಮ ಕೈಗೆ ಬರುತ್ತವೆ. 9 − 4 + 6 ರಲ್ಲಿ ಪದಗಳ ಜಾಗ ಬದಲಿಸಬೇಕೆ? 9 + (−4) + 6 ಎಂದು ನೋಡಿ, −4 ಅನ್ನು ಚಿಹ್ನೆ ಸಮೇತ ಎತ್ತಿ ಎಲ್ಲಿ ಬೇಕಾದರೂ ಇಡಿ: 9 + 6 − 4. ಚಿಹ್ನೆಯನ್ನು ಅಲ್ಲೇ ಬಿಟ್ಟು ಸಂಖ್ಯೆಯನ್ನಷ್ಟೇ ಎತ್ತಿದರೆ 9 − 6 + 4 ಆಗಿ 11ರ ಬದಲು 7 ಬರುತ್ತದೆ. ಮೈನಸ್ ಯಾವಾಗಲೂ ತನ್ನ ಬಲಗಡೆ ಇರುವ ಪದದ್ದು. ಇದೊಂದು ಅಭ್ಯಾಸವಾದರೆ ಅರ್ಧದಷ್ಟು ಚಿಹ್ನೆ ತಪ್ಪುಗಳು ನಿಲ್ಲುತ್ತವೆ.

5 − (ಯ − 3) ಎಲ್ಲಿ ಕೆಡುತ್ತದೆ

ವಿಭಾಜಕ ಗುಣ (ಕೆಲವು ಪುಸ್ತಕಗಳಲ್ಲಿ ವಿತರಣಾ ನಿಯಮ) ಸಂಕಲನವನ್ನೂ ಗುಣಾಕಾರವನ್ನೂ ಬೆಸೆಯುತ್ತದೆ: ಅ(ಬ + ಕ) = ಅಬ + ಅಕ. 30 × 40 ಸೈಟಿನ 30 ಅಡಿ ಬದಿಗೆ ತಾಗಿಕೊಂಡಿರುವ 30 × 10ರ ಪಟ್ಟಿಯನ್ನೂ ಕೊಂಡರೆ ಒಟ್ಟು 30 × 50 = 1500 ಚದರಡಿ; ಬಿಡಿಬಿಡಿಯಾಗಿ 1200 + 300, ಅಷ್ಟೇ. ಮಗಳಿಗೆ ಈ ಚಿತ್ರವನ್ನು ಕಾಗದದ ಮೇಲೆ ಗೆರೆ ಹಾಕಿ ತೋರಿಸಿ. ಮುಂದೆ ಬರುವ ಅರ್ಧ ಭಾಗಕ್ಕೆ ಇದೇ ಆಧಾರ.

ಆವರಣದ ಮುಂದೆ ಬರಿಯ ಮೈನಸ್ ಇದ್ದರೆ ಅಲ್ಲೊಂದು ಕಾಣದ 1 ಇದೆ. 5 − (ಯ − 3) ಎಂದರೆ 5 + (−1)(ಯ + (−3)). ವಿಭಾಜಕ ಗುಣ ಬಳಸಿದರೆ −1 ಇಬ್ಬರಿಗೂ ತಲುಪಬೇಕು: (−1)ಯ ಮತ್ತು (−1)(−3). ಅಂದರೆ 5 − ಯ + 3 = 8 − ಯ. ಮಗಳು ಮಾಡಿದ್ದು −1 ಅನ್ನು ಮೊದಲನೆಯವನಿಗೆ ಮಾತ್ರ ಕೊಟ್ಟು ಆವರಣ ತೆಗೆದದ್ದು. ‘ಮೈನಸ್ ಇದ್ದರೆ ಒಳಗಿನ ಚಿಹ್ನೆ ಬದಲಾಗುತ್ತದೆ’ ಎಂಬ ಸೂತ್ರವನ್ನು ಅವಳು ಬಹುಶಃ ಕೇಳಿರುತ್ತಾಳೆ. ಆದರೆ ಆ ಸೂತ್ರ ಒಳಗಿನ ಎಲ್ಲ ಚಿಹ್ನೆಗಳಿಗೂ ಅನ್ವಯ ಎಂಬುದು ಅದರ ಕಾರಣ ಗೊತ್ತಿದ್ದರೆ ಮಾತ್ರ ನೆನಪಿರುತ್ತದೆ. ಕೆಲವು ವಾರ −( ಕಂಡಾಗಲೆಲ್ಲ −1( ಎಂದು ಬರೆಸಿ. ಕೈಗೆ ಹಿಡಿದ ಮೇಲೆ ಬಿಟ್ಟುಬಿಡಬಹುದು.

ಮೈನಸ್ ಇಂಟು ಮೈನಸ್

ಸಾಲದ ಕಥೆ, ಹಿಂದಕ್ಕೆ ನಡೆಯುವ ಕಥೆಗಳೆಲ್ಲ ನೆನಪಿಗೆ ಒಳ್ಳೆಯವು, ಕಾರಣಕ್ಕೆ ಸಾಲವು. ಕಾರಣ ವಿಭಾಜಕ ಗುಣದಲ್ಲಿದೆ.

ಮೊದಲು, ಯಾವ ಸಂಖ್ಯೆಯನ್ನೇ ಆಗಲಿ ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಯಾಕೆ? 0 = 0 + 0. ಆದ್ದರಿಂದ ಅ × 0 = ಅ × (0 + 0) = ಅ × 0 + ಅ × 0. ಒಂದು ಸಂಖ್ಯೆ ತನಗೆ ತಾನೇ ಸೇರಿದರೂ ಬದಲಾಗಿಲ್ಲ ಎಂದರೆ ಅದು ಸೊನ್ನೆಯೇ.

ಈಗ 3 × (5 + (−5)) ತೆಗೆದುಕೊಳ್ಳಿ. ಆವರಣದೊಳಗೆ 0, ಆದ್ದರಿಂದ ಒಟ್ಟು 0. ಬಿಡಿಸಿದರೆ 15 + 3 × (−5) = 0. ಹಾಗಾದರೆ 3 × (−5) ಎಂಬುದು 15ರ ವಿಲೋಮ, ಅಂದರೆ −15. ಜಾಗ ಬದಲಿಸಿ ಇದೇ ದಾರಿಯಲ್ಲಿ ಹೋದರೆ (−3) × 5 ಕೂಡ −15.

ಇದೇ ಆಟವನ್ನು −3ರ ಜೊತೆ ಆಡಿ: (−3) × (5 + (−5)) = 0. ಬಿಡಿಸಿದರೆ −15 + (−3)(−5) = 0. −15ಕ್ಕೆ ಏನು ಕೂಡಿದರೆ 0? 15. ಆದ್ದರಿಂದ (−3)(−5) = 15. ಬೇರೆ ಏನನ್ನೇ ಉತ್ತರ ಎಂದುಕೊಂಡರೂ ವಿಭಾಜಕ ಗುಣ ಮುರಿದುಬೀಳುತ್ತದೆ. ಋಣ ಸಂಖ್ಯೆಗಳಿಗೂ ಹಳೆಯ ನಿಯಮಗಳೇ ನಡೆಯಬೇಕು ಎಂದು ಒಪ್ಪಿಕೊಂಡ ಕೂಡಲೇ ಈ ಉತ್ತರವೂ ನಿಶ್ಚಯವಾಗಿಬಿಡುತ್ತದೆ, ನಾವು ಆರಿಸಿಕೊಳ್ಳುವಂಥದ್ದು ಏನೂ ಉಳಿಯುವುದಿಲ್ಲ. ಧನ, ಋಣಗಳ ಈ ನಿಯಮಗಳನ್ನು ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಬರೆದಿಟ್ಟಿದ್ದ.

ವಿಭಾಜಕ ಗುಣ ಎಲ್ಲಿಯವರೆಗೆ

ಈ ಗುಣದ ಪೂರ್ತಿ ಹೆಸರು ‘ಸಂಕಲನದ ಮೇಲೆ ಗುಣಾಕಾರದ ವಿಭಾಜಕ ಗುಣ’. ಹೊರಗೆ ಗುಣಾಕಾರ, ಒಳಗೆ ಸಂಕಲನ (ಅಥವಾ ವ್ಯವಕಲನ) ಇರಬೇಕು. ಮಕ್ಕಳು ಆವರಣ ಕಂಡ ಕಡೆಯೆಲ್ಲ ಇದನ್ನು ಓಡಿಸುತ್ತಾರೆ.

ಒಳಗೆ ಗುಣಾಕಾರ ಇದ್ದರೆ ನಡೆಯುವುದಿಲ್ಲ. 5(2 × 3) = 30; ಎರಡಕ್ಕೂ ಐದು ಹಂಚಿದರೆ 10 × 15 = 150. ಅಲ್ಲಿ ಬೇಕಾದದ್ದು ಸಹವರ್ತನೀಯ ಗುಣ, 5 ಒಮ್ಮೆ ಮಾತ್ರ ಬರುತ್ತದೆ.

ಹೊರಗೆ ವರ್ಗ ಇದ್ದರೂ ನಡೆಯುವುದಿಲ್ಲ. (ಅ + ಬ)² ಎಂದರೆ (ಅ + ಬ)(ಅ + ಬ). ವಿಭಾಜಕ ಗುಣವನ್ನು ಎರಡು ಸಲ ಬಳಸಬೇಕು: ಅಅ + ಅಬ + ಬಅ + ಬಬ. ಗುಣಾಕಾರ ಪರಿವರ್ತನೀಯವಾದ್ದರಿಂದ ಅಬ, ಬಅ ಒಂದೇ. ಎರಡೂ ಸೇರಿ 2ಅಬ. 13² = (10 + 3)² ಹಾಕಿ ನೋಡಿ: 100 + 60 + 9 = 169. ಮಗಳ ದಾರಿಯಲ್ಲಿ 109. 13 × 13 ಚೌಕ ಬರೆದು ಒಂದು ಮೂಲೆಯಲ್ಲಿ 10 × 10, ಎದುರು ಮೂಲೆಯಲ್ಲಿ 3 × 3 ಬಣ್ಣ ತುಂಬಿಸಿ. ಬಣ್ಣವಿಲ್ಲದೆ ಉಳಿದ ಎರಡು 10 × 3 ಪಟ್ಟಿಗಳೇ ಕಾಣೆಯಾದ 60. ಸೂತ್ರವನ್ನು ಹತ್ತು ಸಲ ಬರೆಸುವುದಕ್ಕಿಂತ ಈ ಚಿತ್ರ ಹೆಚ್ಚು ಕೆಲಸ ಮಾಡುತ್ತದೆ. ವರ್ಗಮೂಲದ್ದೂ ಇದೇ ಕತೆ: 9 + 16ರ ವರ್ಗಮೂಲ 5; 3 + 4 = 7 ಅಲ್ಲ.

ಆ 2ಅಬದಲ್ಲಿ ಪರಿವರ್ತನೀಯ ಗುಣ ಸದ್ದಿಲ್ಲದೆ ಕೆಲಸ ಮಾಡಿದೆ ಎಂಬುದನ್ನು ಗಮನಿಸಿ. ದ್ವಿತೀಯ ಪಿಯುಸಿಯಲ್ಲಿ ಮ್ಯಾಟ್ರಿಕ್ಸ್ (ಸಾಲು, ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು) ಬಂದಾಗ ಅಬ ಮತ್ತು ಬಅ ಸಾಮಾನ್ಯವಾಗಿ ಬೇರೆಯಾಗುತ್ತವೆ. ಅಲ್ಲಿ 2ಅಬ ಎಂದು ಬರೆದರೆ ಅಂಕ ಹೋಗುತ್ತದೆ. ಐರ್ಲೆಂಡಿನ ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದ ಕ್ವಾಟರ್ನಿಯನ್ ಎಂಬ ನಾಲ್ಕು ಭಾಗಗಳ ಸಂಖ್ಯೆಗಳಲ್ಲೂ ಗುಣಾಕಾರದ ಕ್ರಮ ಬದಲಿಸುವಂತಿಲ್ಲ. ಕಂಪ್ಯೂಟರಿನಲ್ಲಂತೂ ದಶಮಾಂಶಗಳ ಸಂಕಲನದ ಸಹವರ್ತನೀಯ ಗುಣವೇ ಕೈಕೊಡುತ್ತದೆ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ (0.1 + 0.2) + 0.3 ಕೊಟ್ಟರೆ 0.6000000000000001, 0.1 + (0.2 + 0.3) ಕೊಟ್ಟರೆ 0.6. ಎಂಟನೇ ತರಗತಿಗೆ ಇದು ಬೇಡ. ಆದರೆ ‘ಇದೆಲ್ಲ ಗೊತ್ತಿರುವುದೇ ಅಲ್ಲವಾ, ಇದಕ್ಕೊಂದು ಹೆಸರು ಯಾಕೆ’ ಎಂದು ಅವಳು ಕೇಳಿದರೆ ಉತ್ತರ ಇಲ್ಲಿದೆ: ಈ ಗುಣಗಳಿಲ್ಲದ ಜಾಗಗಳೂ ಇವೆ.

ಸಜಾತಿ ಪದಗಳನ್ನು ಕೂಡುವುದು ಕೂಡ ವಿಭಾಜಕ ಗುಣವೇ, ಹಿಂದುಮುಂದಾಗಿ: 3ಯ + 2ಯ = (3 + 2)ಯ = 5ಯ. 3ಯ + 2 ರಲ್ಲಿ ಹೊರತೆಗೆಯಲು ಸಮಾನವಾದ ಯ ಇಲ್ಲ, ಆದ್ದರಿಂದ 5ಯ ಆಗುವುದಿಲ್ಲ. ‘ಸಜಾತಿ ಪದ ಮಾತ್ರ ಕೂಡಬೇಕು’ ಎಂಬುದು ಪ್ರತ್ಯೇಕ ನಿಯಮವೇನಲ್ಲ.

ಆರಕ್ಕೆ ಆರು ಹೊಡೆಯುವುದು

ಭಾಗಿಸುವುದೆಂದರೆ ವಿಲೋಮದಿಂದ ಗುಣಿಸುವುದು. 6ಯ/6 ಎಂದರೆ (1/6) × 6 × ಯ. ಗುಂಪು ಬದಲಿಸಿದರೆ (1/6 × 6) ಎಂಬುದು 1, ಉಳಿದದ್ದು ಯ. ಹೊಡೆದುಹಾಕುವುದು ಎಂದರೆ ಇಷ್ಟೇ: ಒಂದು ಸಂಖ್ಯೆಯೂ ಅದರ ವಿಲೋಮವೂ ಗುಣಾಕಾರದಲ್ಲಿ ಎದುರಾಗಿ 1 ಆಗುವುದು. (ಯ + 6)/6 ರಲ್ಲಿ ಮೇಲಿನ 6 ಗುಣಾಕಾರದಲ್ಲಿಲ್ಲ, ಸಂಕಲನದಲ್ಲಿದೆ. ಇಲ್ಲಿ 1/6 ಅನ್ನು ಹಂಚಬೇಕು: ಯ/6 + 1. ಪರೀಕ್ಷೆ ಸುಲಭ. ಅಂಶದಲ್ಲಿ ಪ್ಲಸ್ ಅಥವಾ ಮೈನಸ್ ಕಂಡರೆ ಮೊದಲು ಅದಕ್ಕೊಂದು ಆವರಣ ಹಾಕಬೇಕು. ಆವರಣದೊಳಗಿನ ಒಂದೇ ತುಂಡನ್ನು ಹೊಡೆಯುವಂತಿಲ್ಲ.

ಇಲ್ಲಿ ಒಂದು ಬಲೆ ಇದೆ. ಅಂಶದಲ್ಲಿ ಕೂಡುವಿಕೆ ಇದ್ದರೆ ಬಿಡಿಸಬಹುದು, ಛೇದದಲ್ಲಿದ್ದರೆ ಬಿಡಿಸುವಂತಿಲ್ಲ. (12 + 6)/3 = 4 + 2 ಸರಿ. 12/(2 + 4) = 2, ಆದರೆ 12/2 + 12/4 = 9. ಯಾಕೆಂದರೆ ಮೊದಲನೆಯದರಲ್ಲಿ 1/3 ಎಂಬ ಒಂದೇ ಗುಣಕ ಹಂಚಿಕೆಯಾಗುತ್ತದೆ; ಎರಡನೆಯದರಲ್ಲಿ ಬೇಕಾದದ್ದು 6ರ ವಿಲೋಮ, ಅದು 1/2 + 1/4 ಅಲ್ಲ.

ಪಕ್ಷಾಂತರ ಎಂಬ ಅಡ್ಡದಾರಿ

‘ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂದು ಕಲಿತ ಮಕ್ಕಳು 3ಯ = 18 ಬಂದಾಗ ಯ = 18 − 3 ಎಂದೋ, 18/(−3) ಎಂದೋ ಬರೆಯುವುದು ಬಹಳ ಸಾಮಾನ್ಯ. ತಪ್ಪು ಮಗುವಿನದ್ದಕ್ಕಿಂತ ಆ ಸೂತ್ರದ್ದು. 3ಯ − 7 = 11 ಅನ್ನು ಒಂದು ಸಲವಾದರೂ ಪೂರ್ತಿ ಬಿಡಿಸಿ ಬರೆಸಿ. ಎರಡೂ ಕಡೆ 7 ಕೂಡಿ: (3ಯ + (−7)) + 7 = 18. ಗುಂಪು ಬದಲಿಸಿ: 3ಯ + ((−7) + 7) = 18. ವಿಲೋಮ: 3ಯ + 0 = 18. ಅನನ್ಯತಾಂಶ: 3ಯ = 18. ಈಗ ಯ ಗುಣಾಕಾರದಲ್ಲಿ ಸಿಕ್ಕಿಕೊಂಡಿದೆ, ಆದ್ದರಿಂದ ಗುಣಾಕಾರದ ವಿಲೋಮ ಬೇಕು. ಎರಡೂ ಕಡೆ 1/3ರಿಂದ ಗುಣಿಸಿ: ಯ = 6. ಕೂಡಿಸಿ ಕಟ್ಟಿದ್ದನ್ನು ಸಂಕಲನ ವಿಲೋಮದಿಂದ ಬಿಚ್ಚಬೇಕು, ಗುಣಿಸಿ ಕಟ್ಟಿದ್ದನ್ನು ಗುಣಾಕಾರ ವಿಲೋಮದಿಂದ. ಇದು ತಲೆಗೆ ಹೋದ ಮೇಲೆ ಪಕ್ಷಾಂತರವನ್ನು ಧಾರಾಳವಾಗಿ ಬಳಸಲಿ, ಸಮಯ ಉಳಿಯುತ್ತದೆ.

ಸೊನ್ನೆಗೆ ಗುಣಾಕಾರ ವಿಲೋಮ ಇಲ್ಲ ಎಂದು ಆಗಲೇ ಬಂತು. 5 ÷ 0 ಎಂಬುದಕ್ಕೆ ಕ ಎಂಬ ಉತ್ತರ ಇದ್ದರೆ ಕ × 0 = 5 ಆಗಬೇಕು; ಆದರೆ ಏನನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ. 0 ÷ 0 ಎಂದರೆ ಇನ್ನೂ ಗೋಜಲು, ಯಾವ ಕ ಹಾಕಿದರೂ ಸರಿಹೋಗುತ್ತದೆ. ಇದರಲ್ಲಿ ದೊಡ್ಡವರೂ ಎಡವಿದ್ದಾರೆ. ಬ್ರಹ್ಮಗುಪ್ತ 0 ÷ 0 = 0 ಎಂದ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದ. 12ನೇ ಶತಮಾನದ ಭಾಸ್ಕರಾಚಾರ್ಯ ಅದಕ್ಕೆ ಖಹರ ಎಂದು ಹೆಸರಿಟ್ಟು ಅನಂತ ಎಂದ. ಇಂದಿನ ಅಂಕಗಣಿತ ಅದಕ್ಕೆ ಅರ್ಥವನ್ನೇ ಕೊಡುವುದಿಲ್ಲ. ಶಾಲೆಯ ಲೆಕ್ಕದಲ್ಲಿ ಇದು ವೇಷ ಮರೆಸಿಕೊಂಡು ಬರುತ್ತದೆ: ಯ² = 5ಯ. ಎರಡೂ ಕಡೆ ಯದಿಂದ ಭಾಗಿಸಿ ಯ = 5 ಎಂದರೆ ಯ = 0 ಎಂಬ ಇನ್ನೊಂದು ಉತ್ತರ ಕಳೆದುಹೋಯಿತು, ಏಕೆಂದರೆ ಭಾಗಿಸಿದ ಯ ಸೊನ್ನೆಯೂ ಆಗಿರಬಹುದಿತ್ತು. ಯ(ಯ − 5) = 0 ಎಂದು ಬರೆದರೆ ಎರಡೂ ಸಿಗುತ್ತವೆ.

ಬೋಡ್‌ಮಾಸ್ ಗುಣವಲ್ಲ

ಗುಣಗಳನ್ನು ಬದಲಿಸಲು ಯಾರಿಂದಲೂ ಆಗುವುದಿಲ್ಲ. ಬೋಡ್‌ಮಾಸ್ (ಯಾವ ಕ್ರಿಯೆ ಮೊದಲು, ಯಾವುದು ಆಮೇಲೆ ಎಂಬ ಕ್ರಮ) ಮಾತ್ರ ಬರವಣಿಗೆಯ ಒಪ್ಪಂದ, ಆವರಣ ಉಳಿಸಲು ಮಾಡಿಕೊಂಡದ್ದು. ಅದರಲ್ಲಿ ಡಿ ಮೊದಲು, ಎಂ ಆಮೇಲೆ ಇರುವುದರಿಂದ ಭಾಗಾಕಾರ ಮುಗಿದ ಮೇಲೆಯೇ ಗುಣಾಕಾರ ಎಂದು ತಿಳಿಯುವವರು ಬಹಳ. ಅವೆರಡೂ ಒಂದೇ ಮಟ್ಟದವು, ಎಡದಿಂದ ಬಲಕ್ಕೆ ಮಾಡಬೇಕು: 24 ÷ 4 × 3 = 18. ಸಂಕಲನ, ವ್ಯವಕಲನಕ್ಕೂ ಹಾಗೆಯೇ: 10 − 4 + 3 = 9; ಸಂಕಲನ ಮೊದಲು ಎಂದು ಹೊರಟರೆ 3 ಬರುತ್ತದೆ. ಒಪ್ಪಂದ ಆದ್ದರಿಂದಲೇ ಊರಿಗೊಂದು ರೀತಿ ಇರುವುದೂ ಉಂಟು. −3² ಎಂದರೆ ಶಾಲೆಯಲ್ಲಿ −9, ಪೈಥಾನ್‌ನಲ್ಲೂ −9. ಎಕ್ಸೆಲ್‌ನಲ್ಲಿ =-3^2 ಎಂದು ಹಾಕಿದರೆ 9. ಅನುಮಾನ ಬಂದ ಕಡೆ ಆವರಣ ಹಾಕುವುದೇ ಕ್ಷೇಮ.

ಮನೆಯಲ್ಲಿ ಮಾಡಿಸುವುದು

ದಿನಕ್ಕೆ ನಾಲ್ಕು ಲೆಕ್ಕ ಸಾಕು, ಆದರೆ ಪ್ರತಿ ಸಾಲಿನ ಪಕ್ಕದಲ್ಲಿ ಯಾವ ಗುಣ ಬಳಸಿದೆ ಎಂದು ಒಂದು ಪದ ಬರೆಯಬೇಕು: ‘ಜಾಗ’, ‘ಗುಂಪು’, ‘ಹಂಚಿಕೆ’, ‘ವಿಲೋಮ’. ಪುಸ್ತಕದ ಹೆಸರು ಪರೀಕ್ಷೆಗೆ ಇರಲಿ. ಪಕ್ಕದಲ್ಲಿ ಬರೆಯಲು ಏನೂ ಹೊಳೆಯದ ಸಾಲು ಸಿಕ್ಕಿತೆಂದರೆ ತಪ್ಪು ಬಹುತೇಕ ಅಲ್ಲೇ ಇರುತ್ತದೆ.

ಮುಗಿದ ಮೇಲೆ ಯಗೆ ಒಂದು ಸಂಖ್ಯೆ ಕೊಟ್ಟು ಮೊದಲ ಸಾಲು, ಕೊನೆಯ ಸಾಲು ಎರಡನ್ನೂ ಲೆಕ್ಕ ಹಾಕಿಸಿ. 0, 1, 2 ಬೇಡ. 0 ಮತ್ತು 1 ಅನನ್ಯತಾಂಶಗಳು, ತಪ್ಪನ್ನು ಮುಚ್ಚಿಹಾಕುತ್ತವೆ: ಬ = 0 ಆದರೆ (ಅ + ಬ)² = ಅ² + ಬ² ಕೂಡ ಸರಿಯಾಗಿಯೇ ಕಾಣುತ್ತದೆ. 2 + 2, 2 × 2, 2² ಮೂರೂ 4 ಆಗುವುದರಿಂದ ಯ² ಬರೆಯಬೇಕಾದ ಕಡೆ 2ಯ ಬರೆದಿದ್ದರೂ ಗೊತ್ತಾಗುವುದಿಲ್ಲ. 7 ಒಳ್ಳೆಯದು. 5 − (ಯ − 3) ರಲ್ಲಿ 7 ಹಾಕಿದರೆ 1. 8 − ಯ ಕೂಡ 1. ಮಗಳ 5 − ಯ − 3 ಮಾತ್ರ −5. ಉತ್ತರಗಳು ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂಬುದು ಖಚಿತ. ಹೊಂದಿದರೆ ಸರಿ ಇರುವ ಸಂಭವ ಹೆಚ್ಚು, ಅಷ್ಟೇ. ಸಾಬೀತು ಮಾಡಲು ಗುಣಗಳೇ ಬೇಕು.

ಶುರು ಮಾಡಲು ನಾಲ್ಕು ಇಲ್ಲಿವೆ. 8 − 2(ಯ − 5): ಉತ್ತರ 18 − 2ಯ. 6(ಯ − 5) ಬಂದರೆ ಅವಳು 8ರಲ್ಲಿ 2 ಮೊದಲೇ ಕಳೆದಿದ್ದಾಳೆ; −2 − 2ಯ ಬಂದರೆ −2 ಎರಡನೇ ಪದಕ್ಕೆ ಚಿಹ್ನೆ ಸಮೇತ ತಲುಪಿಲ್ಲ. (4ಯ + 10)/2: ಉತ್ತರ 2ಯ + 5. 2ಯ + 10 ಅಥವಾ 4ಯ + 5 ಬಂದರೆ ಹೊಡೆದುಹಾಕುವ ಚಟ ಇನ್ನೂ ಹೋಗಿಲ್ಲ. 3(2ಯ × 5): ಉತ್ತರ 30ಯ, 90ಯ ಬಂದರೆ ಗುಣಾಕಾರದ ಮೇಲೆ ಹಂಚಿದ್ದಾಳೆ. (ಯ − 4)²: ಉತ್ತರ ಯ² − 8ಯ + 16. ಯ² − 16 ಎಂದು ಬರೆದರೆ ತಿದ್ದಲು ಹೋಗಬೇಡಿ. 7 ಹಾಕಿ ನೋಡು ಎನ್ನಿ. ಒಂದು ಕಡೆ 9, ಇನ್ನೊಂದು ಕಡೆ 33 ಬಂದಾಗ ಎಲ್ಲಿ ತಪ್ಪಿತೆಂದು ಅವಳೇ ಹುಡುಕುತ್ತಾಳೆ.